ಹೊಸೂರಿನಿಂದ ಚಿಕ್ಕಪೇಟೆಗೆ ಹಳದಿ ಮೆಟ್ರೊ: ವೇಗ ಸಾಕಷ್ಟಿದೆ, ಕೊರತೆ ಇರುವುದು ಅಂತರದಲ್ಲಿ

ಹೊಸೂರಿನ ಬಾಗಲೂರು ರಸ್ತೆಯಲ್ಲಿ ನಮ್ಮ ಮನೆ. ಬೆಂಗಳೂರಿನ ಚಿಕ್ಕಪೇಟೆಯ ಸೀರೆ ಸಗಟು ಅಂಗಡಿಯೊಂದರಲ್ಲಿ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ನಮ್ಮ ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡು ಮರುದಿನದಿಂದ ಜನರ ಓಡಾಟಕ್ಕೆ ತೆರೆದಾಗಿನಿಂದ ನಾನು ಅದನ್ನೇ ನೆಚ್ಚಿಕೊಂಡಿದ್ದೇನೆ. ಬೊಮ್ಮಸಂದ್ರದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡು, ಚಿಕ್ಕಪೇಟೆಯಲ್ಲಿ ಇಳಿಯುತ್ತೇನೆ. ಕೃಷ್ಣಗಿರಿ ಜಿಲ್ಲೆಯ ಹೊಸೂರು, ತಳಿ, ದೆಂಕಣಿಕೋಟೆ, ಕೆಲಮಂಗಲದ ಕಡೆಯಿಂದ ದುಡಿಮೆಗೆ, ಓದಿಗೆ, ಆಸ್ಪತ್ರೆಗೆಂದು ಬೆಂಗಳೂರಿಗೆ ಹೋಗಿಬರುವ ಕನ್ನಡದವರು ಬಹಳ ಮಂದಿ ಇದ್ದಾರೆ. ಈ ಮಾರ್ಗವನ್ನು ನಂಬಿ ದಿನಚರಿ ಬದಲಿಸಿಕೊಳ್ಳಬಹುದೇ ಎಂದು ನನ್ನನ್ನು ಕೇಳುವವರಿಗೆಲ್ಲ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಬೇಕು, ಏಕೆಂದರೆ ಅದು ಸಣ್ಣದಲ್ಲ. 19.15 ಕಿ.ಮೀ. ಉದ್ದದ, 16 ನಿಲ್ದಾಣಗಳ ಈ ಮಾರ್ಗವನ್ನು ರೈಲು ಸುಮಾರು 35 ನಿಮಿಷದಲ್ಲಿ ಮುಗಿಸುತ್ತದೆ. ಹೊಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿದವರಿಗೆ ಇದರ ಬೆಲೆ ಗೊತ್ತು. ಸಿಲ್ಕ್ ಬೋರ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಮೇಲ್ರಸ್ತೆ 2010ರಲ್ಲಿ ತೆರೆದ ಮೇಲೂ, ಅದರ ಮೇಲೆ ಸರಾಗವಾಗಿ ಬಂದ ಬಸ್ಸು ಸಿಲ್ಕ್ ಬೋರ್ಡ್ ಬಳಿ ಕೆಳಗಿಳಿದೊಡನೆ ಹಳೆಯ ದಟ್ಟಣೆಯೊಳಗೇ ಸಿಕ್ಕಿಕೊಳ್ಳುತ್ತಿತ್ತು. ಬೊಮ್ಮನಹಳ್ಳಿ, ಕೂಡ್ಲು ಗೇಟ್, ಸಿಂಗಸಂದ್ರದವರಿಗಂತೂ ಆ ಬಸ್ಸುಗಳಿಂದ ಉಪಯೋಗವೇ ಇರಲಿಲ್ಲ, ಅವು ಮೇಲಿನಿಂದಲೇ ದಾಟಿ ಹೋಗುತ್ತಿದ್ದವು. ಈಗ ಆ ಬಡಾವಣೆಗಳಿಗೆಲ್ಲ ಒಂದೊಂದು ನಿಲ್ದಾಣವಿದೆ. ನನ್ನ ತಾಯಿಯನ್ನು ಹೃದಯದ ತಪಾಸಣೆಗೆ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಮೊದಲು ಸಿಲ್ಕ್ ಬೋರ್ಡ್‌ನಲ್ಲಿ ಇಳಿದು, ರಸ್ತೆ ದಾಟಿ, ಬರಲೊಪ್ಪುವ ಆಟೊ ಸಿಗುವವರೆಗೆ ಅವರನ್ನು ಬಿಸಿಲಿನಲ್ಲಿ ನಿಲ್ಲಿಸಬೇಕಿತ್ತು. ಈಗ ಜಯದೇವ ನಿಲ್ದಾಣ ಬಹಳ ಎತ್ತರದಲ್ಲಿದ್ದರೂ ಲಿಫ್ಟ್ ಇರುವುದರಿಂದ ಅವರು ಒಂದು ಮೆಟ್ಟಿಲನ್ನೂ ಏರದೆ ರಸ್ತೆಗೆ ಬರುತ್ತಾರೆ. ಈ ಒಂದು ಕಾರಣಕ್ಕೇ ನಾನು ಈ ಮಾರ್ಗಕ್ಕೆ ಋಣಿ.

ಆದರೆ ನಿತ್ಯ ಓಡಾಡುವವರಿಗೆ ಸೇವೆಯ ಗುಣವನ್ನು ನಿರ್ಧರಿಸುವುದು ರೈಲಿನ ವೇಗವಲ್ಲ, ಒಂದು ರೈಲು ಹೋದ ಮೇಲೆ ಇನ್ನೊಂದು ಬರುವವರೆಗಿನ ಅಂತರ. ಮಾರ್ಗ ಆರಂಭವಾದಾಗ ಇದ್ದದ್ದು ಮೂರೇ ರೈಲು, ಅಂತರ 25 ನಿಮಿಷ. ಸೆಪ್ಟೆಂಬರ್‌ನಲ್ಲಿ ನಾಲ್ಕನೆಯ ರೈಲು ಸೇರಿದಾಗ ಅದು 19 ನಿಮಿಷಕ್ಕೆ ಇಳಿಯಿತು, ನವೆಂಬರ್‌ನಲ್ಲಿ ಐದನೆಯದು ಸೇರಿದಾಗ 15 ನಿಮಿಷಕ್ಕೆ ಬಂತು. ಇದರ ಹಿಂದಿನ ಲೆಕ್ಕ ಸರಳ. ರೈಲು ಆ ಕೊನೆಗೆ ಹೋಗಿ, ತಿರುಗಿ, ಈ ಕೊನೆಗೆ ಬಂದು ಮತ್ತೆ ಹೊರಡಲು ಸುಮಾರು 75 ನಿಮಿಷ ಬೇಕೆಂದು ಇಟ್ಟುಕೊಳ್ಳಿ. ಅದನ್ನು ಓಡುತ್ತಿರುವ ರೈಲುಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದೇ ಅಂತರ. ಮೂರು ರೈಲಿದ್ದರೆ 25, ಐದಿದ್ದರೆ 15, ಹದಿನೈದಿದ್ದರೆ 5. ಈ ಲೆಕ್ಕದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೂರಕ್ಕೆ ಒಂದು ಸೇರಿಸಿದರೆ ಪ್ರಯಾಣಿಕರಿಗೆ ಉಳಿಯುವುದು ಆರು ನಿಮಿಷ, ಹತ್ತಕ್ಕೆ ಒಂದು ಸೇರಿಸಿದರೆ ಒಂದು ನಿಮಿಷವೂ ಉಳಿಯುವುದಿಲ್ಲ. ಎಂದರೆ ಮೊದಮೊದಲು ಬರುವ ಒಂದೊಂದು ರೈಲಿನ ಬೆಲೆಯೂ ಬಹಳ ದೊಡ್ಡದು, ಅದು ತಡವಾದರೆ ಆಗುವ ನಷ್ಟವೂ ಅಷ್ಟೇ ದೊಡ್ಡದು.

ಆ ತಡವೇ ಈ ಮಾರ್ಗವನ್ನು ಕಾಡಿದ್ದು. ಬೆಂಗಳೂರು ಮೆಟ್ರೊಗೆ 216 ಬೋಗಿಗಳನ್ನು, ಅಂದರೆ ಆರು ಬೋಗಿಗಳ 36 ರೈಲುಗಳನ್ನು ಒದಗಿಸುವ ಗುತ್ತಿಗೆ 2019ರ ಕೊನೆಯಲ್ಲಿ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಸಿಕ್ಕಿತ್ತು. ಅವುಗಳಲ್ಲಿ 15 ರೈಲುಗಳು ಹಳದಿ ಮಾರ್ಗಕ್ಕೆ ಮೀಸಲು. ಮರುವರ್ಷ ಕೋವಿಡ್ ಬಂತು, ನೆರೆದೇಶಗಳ ಹೂಡಿಕೆಯ ಮೇಲೆ ಕೇಂದ್ರ ಸರ್ಕಾರದ ನಿರ್ಬಂಧವೂ ಬಂತು. ಕಡೆಗೆ ಬೋಗಿ ತಯಾರಿಸುವ ಕೆಲಸ ಪಶ್ಚಿಮ ಬಂಗಾಳದ ಟೀಟಾಗಢ ಕಾರ್ಖಾನೆಯ ಪಾಲಿಗೆ ಬಂತು. ಚೀನಾದಿಂದ ಮೊದಲ ಮಾದರಿ ರೈಲು ಬೆಂಗಳೂರಿಗೆ ಬಂದದ್ದು 2024ರ ಫೆಬ್ರುವರಿಯಲ್ಲಿ. ಹಳಿ, ಕಂಬ, ನಿಲ್ದಾಣ ಎಲ್ಲವೂ ಎದ್ದು ನಿಂತಿದ್ದರೂ ಓಡಿಸಲು ಗಾಡಿಯಿಲ್ಲದೆ ಜನ ಕೆಳಗಿನ ರಸ್ತೆಯಲ್ಲೇ ಹೊಗೆ ಕುಡಿಯಬೇಕಾಯಿತು. ಚಾಲಕರಿಲ್ಲದೆಯೂ ಓಡಬಲ್ಲ ತಂತ್ರಜ್ಞಾನದ ರೈಲುಗಳೆಂಬ ಹೆಮ್ಮೆಯ ಮಾತು ಆಗ ಬಹಳ ಕೇಳಿಬಂತು. ಪ್ರಯಾಣಿಕಳಾದ ನನಗೆ ಅದಕ್ಕಿಂತ ಮುಖ್ಯವಾದದ್ದು ಹದಿನೈದೂ ರೈಲುಗಳು ಹಳಿಯ ಮೇಲಿರುವುದು.

ಅಂತರದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. 15 ನಿಮಿಷಕ್ಕೊಂದು ರೈಲಿದ್ದರೆ ಸರಾಸರಿ ಕಾಯುವಿಕೆ ಏಳೂವರೆ ನಿಮಿಷ, ಅದೇನು ಮಹಾ ಎಂದು ಕೇಳುವವರಿದ್ದಾರೆ. ಆದರೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕಾದವಳು ಸರಾಸರಿಯನ್ನು ನಂಬಿ ಮನೆ ಬಿಡುವ ಹಾಗಿಲ್ಲ. ಮೆಟ್ಟಿಲೇರುವಷ್ಟರಲ್ಲಿ ಬಾಗಿಲು ಮುಚ್ಚಿದರೆ ಏನು ಎಂಬ ಅಂದಾಜಿನ ಮೇಲೆಯೇ ಗಡಿಯಾರಕ್ಕೆ ಅಲಾರಂ ಇಡಬೇಕಾಗುತ್ತದೆ. ಬಸ್ಸು, ಹಳದಿ ರೈಲು, ಹಸಿರು ರೈಲು ಎಂದು ಮೂರು ವಾಹನಗಳನ್ನು ಪೋಣಿಸಿಕೊಂಡು ಹೋಗುವವರು ಪ್ರತಿಯೊಂದು ಗಂಟಿನಲ್ಲೂ ಹೀಗೆ ಸಮಯವನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು. ಹಸಿರು ಮಾರ್ಗದಲ್ಲಿ ಈ ಚಿಂತೆಯಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಅಲ್ಲಿ ರೈಲು ಬೇಗಬೇಗ ಬರುತ್ತದೆ, ವೇಳಾಪಟ್ಟಿ ನೋಡುವ ಅಗತ್ಯವೇ ಬೀಳುವುದಿಲ್ಲ. ನಗರ ಸಾರಿಗೆ ಎಂದರೆ ಹಾಗಿರಬೇಕು. ಮಧ್ಯಾಹ್ನದ ಹೊತ್ತು ಮತ್ತು ಭಾನುವಾರವೂ ಹಾಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಆಸ್ಪತ್ರೆಗೆ ಹೋಗುವವರು, ಅಂಗಡಿಗಳಲ್ಲಿ ದುಡಿಯುವವರು ಕಚೇರಿಯ ಸಮಯಕ್ಕೇ ಓಡಾಡುವವರಲ್ಲ.

ಇಷ್ಟೆಲ್ಲ ಮೆಟ್ರೊದ ಮಾತಾಯಿತು. ಹೊಸೂರಿನವರ ನಿಜವಾದ ತೊಂದರೆ ಅದಕ್ಕೂ ಮೊದಲೇ ಶುರುವಾಗುತ್ತದೆ. ನಮ್ಮ ಬಸ್ ನಿಲ್ದಾಣದಿಂದ ಬೊಮ್ಮಸಂದ್ರಕ್ಕೆ ಹದಿನೈದು ಕಿ.ಮೀ. ಆಸುಪಾಸಿನ ದೂರ. ಬೆಂಗಳೂರಿಗೆ ಹೋಗುವ ಅಂತರರಾಜ್ಯ ಬಸ್ಸುಗಳು ಹೊಸೂರಿನಲ್ಲಿ ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಹಲವು ಹೆದ್ದಾರಿಯ ಮಧ್ಯದ ಪಥ ಬಿಟ್ಟು ಸರ್ವಿಸ್ ರಸ್ತೆಗೆ ಇಳಿಯುವುದಿಲ್ಲ. “ಬೊಮ್ಮಸಂದ್ರ ಸ್ಟಾಪಿಂಗ್ ಇಲ್ಲಮ್ಮಾ, ಚಂದಾಪುರದಲ್ಲೇ ಇಳ್ಕೊಳ್ಳಿ” ಎಂಬ ಮಾತನ್ನು ನಾನು ಕಂಡಕ್ಟರುಗಳ ಬಾಯಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಕೇಳಿದ್ದೇನೆ. ಚಂದಾಪುರದಲ್ಲಿ ಇಳಿದರೆ ಮೆಟ್ರೊ ನಿಲ್ದಾಣಕ್ಕೆ ಮತ್ತೊಂದು ಬಸ್ಸು ಹಿಡಿಯಬೇಕು ಅಥವಾ ಶೇರ್ ಆಟೊದಲ್ಲಿ ಮೊಣಕಾಲು ಮಡಿಸಿಕೊಂಡು ಕೂರಬೇಕು.

ಸಂಜೆ ಇದಕ್ಕಿಂತ ಕಷ್ಟ. ರೈಲಿನಿಂದ ಇಳಿದವರು, ಕೈಗಾರಿಕಾ ಪ್ರದೇಶದ ಪಾಳಿ ಮುಗಿಸಿ ಊಟದ ಡಬ್ಬಿಯ ಚೀಲ ಹಿಡಿದು ಬಂದವರು, ಎಲ್ಲರೂ ಬೊಮ್ಮಸಂದ್ರದ ರಸ್ತೆಯಂಚಿನಲ್ಲಿ ಒಟ್ಟಾಗುತ್ತಾರೆ. ಹೊಸೂರಿನ ಕಡೆಗೆ ಬರುವ ಬಸ್ಸುಗಳು ಸಿಲ್ಕ್ ಬೋರ್ಡ್‌ನಲ್ಲೇ ತುಂಬಿಕೊಂಡಿರುತ್ತವೆ. ಹೋದ ಮಳೆಗಾಲದ ಒಂದು ಸಂಜೆ ತಾಯಿ ನನ್ನ ಜೊತೆಗಿದ್ದರು. ಕೈ ತೋರಿಸಿದ ಬಸ್ಸು ನಿಧಾನವಾಯಿತು, ಬಾಗಿಲಲ್ಲಿ ನಿಂತಿದ್ದವರು ನಮ್ಮನ್ನು ನೋಡಿದರು, ಬಸ್ಸು ನಿಲ್ಲದೆ ಮುಂದೆ ಹೋಯಿತು. ಅದರ ಹಿಂದೆಯೇ ಬಂದ ಇನ್ನೊಂದೂ ಹಾಗೆಯೇ ಹೋಯಿತು, ಆಮೇಲೆ ಬಹಳ ಹೊತ್ತು ಯಾವುದೂ ಬರಲಿಲ್ಲ. ಬಸ್ಸುಗಳ ಅಂತರ ಕಾಗದದ ಮೇಲೆ ಹತ್ತು ನಿಮಿಷವೆಂದಿದ್ದರೂ ಅವು ಎರಡು ಮೂರು ಒಟ್ಟಿಗೆ ಬಂದರೆ ಆ ಹತ್ತಕ್ಕೆ ಅರ್ಥವಿಲ್ಲ. ಅಂತರ ಹಿಗ್ಗಿದ ಹೊತ್ತಿನಲ್ಲೇ ನಿಲ್ದಾಣದಲ್ಲಿ ಹೆಚ್ಚು ಜನ ಸೇರುತ್ತಾರೆ, ಆದ್ದರಿಂದ ಹೆಚ್ಚು ಜನರ ಅನುಭವಕ್ಕೆ ಬರುವುದು ಆ ಹಿಗ್ಗಿದ ಅಂತರವೇ. ಕೂಡಿಬಂದ ಬಸ್ಸುಗಳಲ್ಲಿ ಮೊದಲನೆಯದು ತುಂಬಿ ತುಳುಕುತ್ತದೆ, ಹತ್ತುವವರು ಹೆಚ್ಚಾಗಿ ಅದು ಮತ್ತಷ್ಟು ತಡವಾಗುತ್ತದೆ.

ಗಡಿಯೂ ಈ ಹದಿನೈದು ಕಿ.ಮೀ. ನಡುವೆಯೇ ಹಾದುಹೋಗುತ್ತದೆ. ಬೆಂಗಳೂರಿನ ನಗರ ಬಸ್ಸುಗಳಲ್ಲಿ ಬಹುಪಾಲು ಅತ್ತಿಬೆಲೆಗೇ ತಿರುಗುತ್ತವೆ. ತಮಿಳುನಾಡು 2021ರ ಮೇ ತಿಂಗಳಿನಿಂದ ಸಾಮಾನ್ಯ ದರದ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದೆ ಪ್ರಯಾಣಿಸುವ ಅನುಕೂಲ ಮಾಡಿಕೊಟ್ಟಿದೆ, ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಜಾರಿಯಲ್ಲಿದೆ. ಮನೆಯಿಂದ ಹೊಸೂರು ಬಸ್ ನಿಲ್ದಾಣದವರೆಗೆ ನನಗೆ ಮೊದಲನೆಯದು ಒದಗುತ್ತದೆ. ಎರಡನೆಯದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು, ನನ್ನದು ಹೊಸೂರಿನದು. ಇದಕ್ಕೆ ನನ್ನ ಆಕ್ಷೇಪವೇನೂ ಇಲ್ಲ, ಒಂದು ರಾಜ್ಯ ತನ್ನ ತೆರಿಗೆಯ ಹಣವನ್ನು ತನ್ನವರಿಗೆ ಖರ್ಚು ಮಾಡುವುದು ಸಹಜ. ಆದರೆ ದಿನದ ಖರ್ಚು ಲೆಕ್ಕ ಹಾಕುವವರು ಇದನ್ನು ತಿಳಿದಿರಬೇಕು. ಮೆಟ್ರೊ ದರವೂ 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಏರಿತು, ಕನಿಷ್ಠ ದರ 10 ರೂಪಾಯಿಯಲ್ಲೇ ಉಳಿದರೂ ಗರಿಷ್ಠ ದರ 90 ರೂಪಾಯಿ ಆಯಿತು. ಸ್ಮಾರ್ಟ್ ಕಾರ್ಡ್ ಮಾಡಿಸಿಕೊಂಡರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ.

ರೈಲ್ವೆಯ ದಾರಿ ಒಂದಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಹೊಸೂರಿನಿಂದ ಹೀಲಲಿಗೆ, ಕಾರ್ಮೆಲಾರಾಂ, ಬೆಳ್ಳಂದೂರು ರೋಡ್ ಮೂಲಕ ಬೈಯಪ್ಪನಹಳ್ಳಿಗೆ ಹೋಗುವ ಆ ಹಳಿ ಹೊರವರ್ತುಲ ರಸ್ತೆಯ ಕಡೆ ಕೆಲಸ ಮಾಡುವವರಿಗೆ ಅನುಕೂಲ, ಆದರೆ ಅದರ ಮೇಲೆ ಸ್ಥಳೀಯ ರೈಲುಗಳು ತೀರಾ ಕಡಿಮೆ. ಉಪನಗರ ರೈಲು ಯೋಜನೆಯ ‘ಕನಕ’ ಮಾರ್ಗ ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವಂಥದ್ದು, ಹೊಸೂರನ್ನು ಮುಟ್ಟುವುದಿಲ್ಲ. ಬೊಮ್ಮಸಂದ್ರದಿಂದ ಹೊಸೂರಿಗೆ ಮೆಟ್ರೊ ಎಳೆಯುವ ಸುಮಾರು 20 ಕಿ.ಮೀ. ಪ್ರಸ್ತಾವದ ಕಾರ್ಯಸಾಧ್ಯತೆಯನ್ನು ಚೆನ್ನೈ ಮೆಟ್ರೊ ಅಧ್ಯಯನ ಮಾಡಿದೆ. ಅಲ್ಲಿ ಎದುರಾದ ತೊಡಕು ವಿದ್ಯುತ್ತಿನದು. ಬೆಂಗಳೂರಿನ ರೈಲುಗಳು ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟ್ ವಿದ್ಯುತ್ ಪಡೆಯುತ್ತವೆ, ಹೊಸೂರಿನ ಭಾಗಕ್ಕೆ ಯೋಚಿಸಿದ್ದು ಮೇಲಿನ ತಂತಿಯ 25,000 ವೋಲ್ಟ್. ಹಾಗಾದರೆ ಒಂದೇ ರೈಲು ಎರಡೂ ಕಡೆ ಓಡಲಾರದು. ಇದು ಬಗೆಹರಿದರೂ ಹಳಿ ಬರಲು ವರ್ಷಗಳು ಬೇಕು, ಅದನ್ನು ಕಾಯುತ್ತ ಈಗಿನ ರಸ್ತೆಯನ್ನು ಹೀಗೆಯೇ ಬಿಡಬಾರದು.

ಅಂಕ ಕೊಡುವುದಾದರೆ ಹಳದಿ ಮಾರ್ಗಕ್ಕೆ ಐದರಲ್ಲಿ ಮೂರೂವರೆ, ಹದಿನೈದೂ ರೈಲು ಓಡಿದ ದಿನ ನಾಲ್ಕೂವರೆ. ಹೊಸೂರು–ಬೊಮ್ಮಸಂದ್ರ ಸಂಪರ್ಕಕ್ಕೆ ಒಂದಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುವುದಿಲ್ಲ. ಅದನ್ನು ಸರಿಪಡಿಸಲು ಸಾವಿರಾರು ಕೋಟಿ ಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 88ನೆಯ ಕಲಮಿನ ಪ್ರಕಾರ ಎರಡು ರಾಜ್ಯಗಳು ಒಪ್ಪಂದ ಮಾಡಿಕೊಂಡು ಪರ್ಮಿಟ್ ಹಂಚಿಕೊಳ್ಳಬಹುದು. ಹೊಸೂರು ಬಸ್ ನಿಲ್ದಾಣ ಮತ್ತು ಬೊಮ್ಮಸಂದ್ರ ಮೆಟ್ರೊ ನಡುವೆ, ಜುಜುವಾಡಿ, ಅತ್ತಿಬೆಲೆ, ಚಂದಾಪುರದಲ್ಲಿ ಮಾತ್ರ ನಿಲ್ಲುವ ಬಸ್ಸುಗಳು ಬೆಳಗ್ಗೆ ಆರರಿಂದ ರಾತ್ರಿ ಕೊನೆಯ ರೈಲಿನವರೆಗೆ ಹತ್ತು ನಿಮಿಷಕ್ಕೊಂದರಂತೆ, ಆ ಹತ್ತನ್ನು ತಪ್ಪದೆ ಓಡಬೇಕು. ನಿಲ್ದಾಣದ ಕೆಳಗೆ ಅವಕ್ಕೊಂದು ಸೂರು ಮತ್ತು ದೀಪವೂ ಬೇಕು.

ಅಲ್ಲಿಯವರೆಗೆ ಹೊಸದಾಗಿ ಈ ದಾರಿ ಹಿಡಿಯುವವರು ಬೆಳಗ್ಗೆ ಚಂದಾಪುರದ ಬದಲು ಅತ್ತಿಬೆಲೆಯಲ್ಲೇ ಬಸ್ಸು ಬದಲಾಯಿಸಿಕೊಳ್ಳಿ. ಅಲ್ಲಿಂದ ಹೊರಡುವ ನಗರ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದುಂಟು, ಅದು ಸರ್ವಿಸ್ ರಸ್ತೆಯಲ್ಲೇ ಬಂದು ಬೊಮ್ಮಸಂದ್ರದಲ್ಲಿ ಇಳಿಸುತ್ತದೆ. ಸಂಜೆ ವಯಸ್ಸಾದವರು ಜೊತೆಗಿದ್ದರೆ ಕಾರ್ಖಾನೆಗಳ ಪಾಳಿ ಬಿಡುವ ಮುಂಚೆಯೇ ಬೊಮ್ಮಸಂದ್ರ ದಾಟುವಂತೆ ಹೊರಡಿ. ಅದು ಆಗದಿದ್ದರೆ ಆ ದಿನದ ಮಟ್ಟಿಗೆ ಮೆಟ್ರೊ ಬಿಟ್ಟು, ಬಸ್ಸು ಹೊರಡುವ ಜಾಗಕ್ಕೇ ಹೋಗಿ ಸೀಟು ಹಿಡಿದು ನೇರವಾಗಿ ಹೊಸೂರಿಗೆ ಬರುವುದು ಮೇಲು.