ಸೆಕೆಂಡ್ ಹ್ಯಾಂಡ್ ಸೆಟ್‌ಟಾಪ್ ಬಾಕ್ಸ್‌ಗೆ ದುಡ್ಡು ಕೊಡುವ ಮುನ್ನ ಅಡಿಭಾಗದ ಸ್ಟಿಕ್ಕರ್ ಓದಿ

ಮನೆ ಬದಲಿಸುವವರು ಮತ್ತೆ ಮತ್ತೆ ದುಡ್ಡು ಕಳೆದುಕೊಳ್ಳುವ ಜಾಗ ಇದು. ಮೈಸೂರಿನಲ್ಲಿ ಪೂರ್ತಿ ಹಣ ಕೊಟ್ಟು ಕೊಂಡ ಕೇಬಲ್ ಬಾಕ್ಸನ್ನು ಜೋಪಾನವಾಗಿ ಬೆಂಗಳೂರಿಗೆ ತರುತ್ತಾರೆ. ಹೊಸ ಮನೆಯ ವೈರ್ ಸಿಕ್ಕಿಸಿ ಸ್ಕ್ಯಾನ್ ಕೊಟ್ಟರೆ ಚಾನೆಲ್ ಹೆಸರುಗಳು ಸಾಲಾಗಿ ಬರುತ್ತವೆ, ಸಿಗ್ನಲ್ ಕೂಡ ಚೆನ್ನಾಗಿದೆ ಎಂದೇ ತೋರಿಸುತ್ತದೆ. ಚಿತ್ರ ಮಾತ್ರ ಇಲ್ಲ, ಕಪ್ಪು ಪರದೆಯ ಮೇಲೆ 'ಸ್ಕ್ರ್ಯಾಂಬಲ್ಡ್', ಅಂದರೆ ಸಿಗ್ನಲ್ಲಿಗೆ ಬೀಗ ಬಿದ್ದಿದೆ, ಎಂಬ ಒಂದು ಸಾಲು. ವೈರ್ ಬದಲಾಯಿಸುತ್ತಾರೆ, ಕನೆಕ್ಟರ್ ಬದಲಾಯಿಸುತ್ತಾರೆ, ರಿಪೇರಿಯವರನ್ನು ಕರೆಸುತ್ತಾರೆ. ತೊಂದರೆ ವೈರಿನಲ್ಲಿಲ್ಲ. ಆ ಬಾಕ್ಸ್ ಬೇರೆ ಆಪರೇಟರ್‌ನದು, ಅಷ್ಟೇ.

ಪೇ ಚಾನೆಲ್‌ಗಳ ಸಿಗ್ನಲ್ಲಿಗೆ ಬೀಗ ಹಾಕುವ ಮೂಲ ವಿಧಾನ ಹೆಚ್ಚುಕಡಿಮೆ ಎಲ್ಲ ಆಪರೇಟರ್‌ಗಳಿಗೂ ಒಂದೇ. ಬೇರೆಯಾಗುವುದು ಬೀಗದ ಕೈ. ಕೆಲವು ಸೆಕೆಂಡಿಗೊಮ್ಮೆ ಬದಲಾಗುವ ಆ ಕೀಲಿ ಸಿಗ್ನಲ್ ಜೊತೆಯಲ್ಲೇ ಬರುತ್ತದೆ, ಆದರೆ ಇನ್ನೊಂದು ಬೀಗದೊಳಗೆ. ಆ ಎರಡನೇ ಬೀಗ ತೆಗೆಯುವುದು ನಿಮ್ಮ ಸ್ಮಾರ್ಟ್ ಕಾರ್ಡ್, ಕಾರ್ಡ್ ಇಲ್ಲದ ಬಾಕ್ಸ್ ಆದರೆ ಒಳಗಿನ ಚಿಪ್. ಅದರ ನಂಬರ್ ಆಪರೇಟರ್‌ನ ಸರ್ವರ್‌ನಲ್ಲಿ ಇದ್ದರೆ ಮಾತ್ರ ಅನುಮತಿ ಬರುತ್ತದೆ. ಇಬ್ಬರು ಆಪರೇಟರ್‌ಗಳು ಒಂದೇ ಕಂಪನಿಯ ಬೀಗ ವ್ಯವಸ್ಥೆ ತೆಗೆದುಕೊಂಡಿದ್ದರೂ ಒಬ್ಬರ ಕೀಲಿ ಇನ್ನೊಬ್ಬರಿಗೆ ಆಗದು. ಕಾರ್ಡ್ ತೆಗೆದು ಬೇರೆ ಬಾಕ್ಸಿಗೆ ಹಾಕಿದರೂ ಪ್ರಯೋಜನವಿಲ್ಲ, ಎಷ್ಟೋ ಕಡೆ ಕಾರ್ಡನ್ನು ಒಂದೇ ಬಾಕ್ಸಿಗೆ ಜೋಡಿ ಮಾಡಿರುತ್ತಾರೆ.

ಕೇಬಲ್ ಬಾಕ್ಸನ್ನು ಡಿಶ್‌ಗೆ ಹಾಕುವ ಪ್ರಯತ್ನವಂತೂ ಬೇಡವೇ ಬೇಡ. ಕೇಬಲ್ ಸಿಗ್ನಲ್ ಸುಮಾರು 47ರಿಂದ 862 ಮೆಗಾಹರ್ಟ್ಸ್‌ನೊಳಗೆ ಬರುತ್ತದೆ, ಡಿಶ್‌ನಿಂದ ಇಳಿಯುವುದು 950ರಿಂದ 2150ರವರೆಗೆ. ಡಿಶ್ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಸಾಧನಕ್ಕೆ 13 ಅಥವಾ 18 ವೋಲ್ಟ್ ಕಳಿಸುವ ಕೆಲಸವೂ ಬಾಕ್ಸಿನದೇ. ಕೇಬಲ್ ಬಾಕ್ಸಿಗೆ ಅದು ಬರುವುದಿಲ್ಲ.

ಬೆಂಗಳೂರು, ಮೈಸೂರು ಸೇರಿ 38 ನಗರಗಳಿಗೆ ಡಿಜಿಟಲ್ ಕೇಬಲ್ ಕಡ್ಡಾಯವಾದ ಗಡುವು 2013ರ ಮಾರ್ಚ್ 31. ಅಂದಿನಿಂದಲೂ ಬಾಕ್ಸ್ ಆಪರೇಟರ್‌ಗೇ ಕಟ್ಟಿಬಿದ್ದಿದೆ. 2020ರ ಏಪ್ರಿಲ್‌ನಲ್ಲಿ ಟಿವಿ, ಫೋನ್ ಸೇವೆಗಳ ನಿಯಂತ್ರಕ ಸಂಸ್ಥೆ ಟ್ರಾಯ್, ಗ್ರಾಹಕರಿಗೆ ಕೊಡುವ ಪ್ರತಿ ಬಾಕ್ಸೂ ಬೇರೆ ಆಪರೇಟರ್‌ಗೂ ಹೊಂದುವಂತಿರಬೇಕು ಎಂದು ಶಿಫಾರಸು ಮಾಡಿತು. ಅದರಲ್ಲೂ ಕೇಬಲ್ ಬಾಕ್ಸ್ ಕೇಬಲ್‌ಗೆ, ಡಿಟಿಎಚ್ (ಡಿಶ್) ಬಾಕ್ಸ್ ಡಿಟಿಎಚ್‌ಗೆ ಮಾತ್ರ. ಉಪಾಯ ಸರಳ: ಬೀಗದ ಭಾಗವನ್ನು ಬಾಕ್ಸಿನಿಂದ ಬೇರ್ಪಡಿಸಿ ಯುಎಸ್‌ಬಿಯಲ್ಲಿ ಚುಚ್ಚುವ ಸಣ್ಣ ಮಾಡ್ಯೂಲ್ ಆಗಿಸುವುದು. ಆಪರೇಟರ್ ಬದಲಾದರೆ ಮಾಡ್ಯೂಲ್ ಬದಲಾಗುತ್ತದೆ, ಬಾಕ್ಸ್ ನಿಮ್ಮಲ್ಲೇ ಉಳಿಯುತ್ತದೆ. ಆ ಶಿಫಾರಸು ನಮ್ಮ ಟಿವಿ ಸ್ಟ್ಯಾಂಡ್‌ವರೆಗೆ ಬಂದಿಲ್ಲ. 2011ರಿಂದ ಮೊಬೈಲ್ ಕಂಪನಿ ಬದಲಿಸಿದರೂ ನಂಬರ್ ನಮ್ಮದೇ, ಹ್ಯಾಂಡ್‌ಸೆಟ್ಟೂ ನಮ್ಮದೇ. ಟಿವಿ ನೋಡುವವರು ಮಾತ್ರ ಕಂಪನಿ ಬಿಟ್ಟಾಗಲೆಲ್ಲ ಬಾಕ್ಸ್ ಬಿಸಾಡಬೇಕೆಂದರೆ ಅದು ಅನ್ಯಾಯ.

ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೊಂದು ಅಪಾಯ ಇದೆ. ಮಾರುವವರ ಕೈಯಲ್ಲಿರುವುದು ಬಾಡಿಗೆ ಬಾಕ್ಸ್ ಆಗಿದ್ದರೆ ಅದರ ಒಡೆಯ ಆಪರೇಟರ್, ಮಾರುವವರಿಗೆ ಆ ಹಕ್ಕೇ ಇಲ್ಲ. ಹಣ ಕೊಡುವ ಮೊದಲು ಬಾಕ್ಸ್ ತಿರುಗಿಸಿ ಸ್ಟಿಕ್ಕರಿನ ಫೋಟೋ ತೆಗೆಯಿರಿ. ಅದರಲ್ಲಿ ಬಾಕ್ಸ್ ನಂಬರ್ ಇರುತ್ತದೆ, ಕಾರ್ಡ್ ಇದ್ದರೆ ಅದರ ಮೇಲೆ ಬೇರೆ ನಂಬರ್. ನಿಮ್ಮ ಹೊಸ ಮನೆಗೆ ಲೈನ್ ಕೊಡುವ ಆಪರೇಟರ್‌ಗೆ ಎರಡನ್ನೂ ಓದಿ ಹೇಳಿ, 'ಇದು ನಿಮ್ಮ ನೆಟ್‌ವರ್ಕಿನದೇ? ಬಾಕಿ ಇದೆಯೇ? ನನ್ನ ಹೆಸರಿಗೆ ಆಗುತ್ತದೆಯೇ?' ಎಂದು ಕೇಳಿ. ಮೂರಕ್ಕೂ ಸರಿಯಾದ ಉತ್ತರ ಬರದಿದ್ದರೆ ಬಾಕ್ಸ್ ಬಿಟ್ಟುಬಿಡಿ. ಸ್ಟಿಕ್ಕರ್ ಕೆರೆದಿದ್ದರೆ ಫೋನ್ ಕೂಡ ಮಾಡಬೇಡಿ.

'ಎಲ್ಲ ಕಂಪನಿಗೂ ಆಗುವ ಯೂನಿವರ್ಸಲ್ ಬಾಕ್ಸ್' ಎಂದು ಮಾರುವವರನ್ನು ನಂಬಬೇಡಿ. ಅದು ಉಚಿತ ಚಾನೆಲ್ ಮಾತ್ರ ತೋರಿಸುತ್ತದೆ, ಇಲ್ಲವೇ ಇನ್ನೊಬ್ಬರ ಕಾರ್ಡಿನ ಕೀಲಿಯನ್ನು ಇಂಟರ್ನೆಟ್ ಮೂಲಕ ಕದ್ದು ತರುತ್ತದೆ. ಎರಡನೆಯದು ಅಪರಾಧ. ನಿಜಕ್ಕೂ ಅಂಗಡಿಯಿಂದ ಅಂಗಡಿಗೆ ಬೆಲೆ ಹೋಲಿಸಿ ಬಾಕ್ಸ್ ಕೊಳ್ಳಬಹುದಾದದ್ದು ದೂರದರ್ಶನದವರ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ಗೆ. ತಿಂಗಳ ಬಾಡಿಗೆ ಇಲ್ಲ, ಚಂದನ ಸಿಗುತ್ತದೆ, ಡಿಶ್ 93.5 ಡಿಗ್ರಿ ಪೂರ್ವದ ಉಪಗ್ರಹಕ್ಕೆ ತಿರುಗಿರಬೇಕು. ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನಕ್ಕೆ ಹೊಂದುವ ಎಂಪೆಗ್-4 ಬಾಕ್ಸೇ ಕೇಳಿ. ಹಳೆಯ ಎಂಪೆಗ್-2 ಬಾಕ್ಸ್ ಅಗ್ಗಕ್ಕೆ ಸಿಕ್ಕರೂ ಒಂದಷ್ಟು ಚಾನೆಲ್ ಕಾಣಿಸುವುದಿಲ್ಲ.

ಕೇಬಲ್ಲೇ ಬೇಕೆನ್ನುವವರು, ಅದರಲ್ಲೂ ಬಾಡಿಗೆ ಮನೆಯಲ್ಲಿರುವವರು, ಬಾಕ್ಸ್ ಕೊಳ್ಳದೆ ಠೇವಣಿ ವಾಪಸ್ ಬರುವ ಬಾಡಿಗೆ ಯೋಜನೆ ಇದೆಯೇ ಕೇಳುವುದು ಲೇಸು. ಇನ್‌ಸ್ಟಾಲೇಶನ್‌ಗೆ 350, ಆ್ಯಕ್ಟಿವೇಶನ್‌ಗೆ 100 ರೂಪಾಯಿ ಎಂದಿದ್ದ ಮಿತಿಯನ್ನು ಟ್ರಾಯ್ 2024ರ ತಿದ್ದುಪಡಿಯಲ್ಲಿ ತೆಗೆದಿದೆ. ಹಾಗಾಗಿ ಆಪರೇಟರ್ ಪ್ರಕಟಿಸಿರುವ ದರಪಟ್ಟಿ ನೋಡಿಯೇ ಸಹಿ ಹಾಕಿ, ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ಬಿಡುವಾಗ ಬಾಕ್ಸ್, ಅಡಾಪ್ಟರ್, ರಿಮೋಟ್, ಕಾರ್ಡ್ ನಾಲ್ಕನ್ನೂ ಒಟ್ಟಿಗಿಟ್ಟು ಫೋಟೋ ತೆಗೆದು, ಬಾಕ್ಸ್ ನಂಬರ್ ಬರೆದ ರಸೀದಿ ಕೈಗೆ ಬಂದಮೇಲೆ ಒಪ್ಪಿಸಿ. ಅಡಾಪ್ಟರ್ ಅದಲುಬದಲಾಗದಂತೆ ನೋಡಿಕೊಳ್ಳಿ: 5 ವೋಲ್ಟಿನ ಬಾಕ್ಸಿಗೆ 12 ವೋಲ್ಟಿನದು ಸಿಕ್ಕಿಸಿದರೆ ಬೋರ್ಡ್ ಸುಡಬಹುದು, ಠೇವಣಿಯೂ ಅದರೊಂದಿಗೇ ಹೋಗುತ್ತದೆ.