ಆರ್ಕೆಸ್ಟ್ರಾ ಪಿಟೀಲಿಗೆ ಡಾಮಿನೆಂಟ್ ತಂತಿ: ಸಾಲಿನಲ್ಲಿ ಕೂರುವವರ ಆಯ್ಕೆ

ಏಕವಾದನ ಮಾಡುವವರು ತಂತಿ ಆರಿಸುವ ಲೆಕ್ಕವೇ ಬೇರೆ, ಆರ್ಕೆಸ್ಟ್ರಾದ ಎರಡನೇ ಪಿಟೀಲು ಸಾಲಿನವರ ಲೆಕ್ಕವೇ ಬೇರೆ. ದೊಡ್ಡ ಆರ್ಕೆಸ್ಟ್ರಾದಲ್ಲಿ ಆ ಸಾಲಿಗೆ 14 ಜನ. ಒಬ್ಬರ ನಾದ ಉಳಿದ 13 ಜನರ ನಾದದೊಳಗೆ ಬೆರೆಯಬೇಕು. ಹರಿತವಾಗಿ ಮುಂದೆ ಬಂದರೆ ಪಕ್ಕದವರು ತಿರುಗಿ ನೋಡುತ್ತಾರೆ. ವಿಯೆನ್ನಾದ ಥೋಮಾಸ್ಟಿಕ್-ಇನ್‌ಫೆಲ್ಡ್ ಕಂಪನಿಯ ಡಾಮಿನೆಂಟ್ 1970ರ ದಶಕದಿಂದಲೂ ಇಂಥ ಸಾಲುಗಳಲ್ಲಿ ಉಳಿದುಕೊಂಡಿರುವುದಕ್ಕೆ ಮುಖ್ಯ ಕಾರಣ ಈ ಬೆರೆಯುವ ಗುಣ.

ಪಿಟೀಲಿನ ನಾಲ್ಕು ತಂತಿಗಳಿಗೆ ಮಂದ್ರದಿಂದ ಮೇಲಕ್ಕೆ ಜಿ, ಡಿ, ಎ, ಇ ಎಂದು ಹೆಸರು. ಕೆಳಗಿನ ಮೂರರ ತಿರುಳು ನೈಲಾನ್ ಜಾತಿಯ ಪರ್ಲಾನ್. ಜಿ ತಂತಿಗೆ ಬೆಳ್ಳಿಯ ಸುತ್ತು, ಎಗೆ ಅಲ್ಯೂಮಿನಿಯಂ ಸುತ್ತು. ಡಿ ಎರಡರಲ್ಲೂ ಸಿಗುತ್ತದೆ. ಕರುಳಿನ ತಂತಿಯ ಮೃದುತನ ಸಾಕಷ್ಟು ಇದೆ, ಆದರೆ ಅದರ ಹಾಗೆ ತೇವ ಹೀರಿ ಶ್ರುತಿ ಬಿಡುವುದಿಲ್ಲ. ಮೂರು ಗಂಟೆಯ ಆಪೆರಾಕ್ಕೆ ವೇದಿಕೆ ಕೆಳಗಿನ ಸೆಕೆಯಲ್ಲಿ ಕೂರುವವರಿಗೆ ಅಷ್ಟೇ ದೊಡ್ಡ ಉಪಕಾರ.

ಇಷ್ಟಾನಿಷ್ಟ ನಿರ್ಧಾರವಾಗುವುದು ಏನು ನುಡಿಸುತ್ತೀರಿ ಎಂಬುದರ ಮೇಲೆ. ಮೊಜಾರ್ಟ್, ಹೈಡನ್ ಕೃತಿಗಳಿಗೆ ಡಾಮಿನೆಂಟ್ ಬಲು ಹಿತ; ಕಮಾನು ತಾಗಿದ ಕೂಡಲೇ ಸ್ವರ ಹುಟ್ಟುತ್ತದೆ. ಬ್ರುಕ್ನರ್ ಸಿಂಫನಿಗಳಲ್ಲಿ ಪುಟಗಟ್ಟಲೆ ಟ್ರೆಮೊಲೊ, ಅಂದರೆ ಒಂದೇ ಸ್ವರದ ಮೇಲೆ ಕಮಾನಿನ ವೇಗದ ಕಂಪನ, ಬರುತ್ತದೆ. ಅಲ್ಲಿ ಬಿಗಿ ಹೆಚ್ಚಿರುವ ತಂತಿ ಬಲಗೈಯನ್ನು ಬೇಗ ದಣಿಸುತ್ತದೆ, ಇದು ಅಷ್ಟು ಕಾಡುವುದಿಲ್ಲ. ಬ್ರಾಮ್ಸ್ ಬಂದಾಗ ಮಾತ್ರ ಜಿ ತಂತಿಯ ನಾದಕ್ಕೆ ಇನ್ನಷ್ಟು ತುಂಬು ಬೇಕಿತ್ತು ಅನ್ನಿಸುತ್ತದೆ. ಆ ತುಂಬು ಪಿರಾಸ್ಟ್ರೊ ಕಂಪನಿಯ ಇವಾ ಪಿರಾಜಿ ತಂತಿಯಲ್ಲಿ ಇದೆ. ಆದರೆ ಅದರ ಬಿಗಿಯೂ ಹೆಚ್ಚು, ಬೆಲೆಯೂ ಹೆಚ್ಚು, ಸಾಲಿನಲ್ಲಿ ಅದು ಎದ್ದು ಕೇಳಿಸುತ್ತದೆ.

ಸೆಟ್‌ನಲ್ಲಿ ದುರ್ಬಲವಾದದ್ದು ಇ ತಂತಿ. ಅದನ್ನು ಪಕ್ಕಕ್ಕಿಟ್ಟು ಲೆಂಜ್ನರ್ ಗೋಲ್ಡ್‌ಬ್ರೊಕಾಟ್ 0.26 ಮಿ.ಮೀ. ಹಾಕುವುದು ಹಳೆಯ ರೂಢಿ. ಅದು ಅಗ್ಗ, ಹೊಳಪಾದ ನಾದ. ಎ ತಂತಿಯಿಂದ ಖಾಲಿ ಇ ತಂತಿಗೆ ದಾಟುವಾಗ ಕೆಲವೊಮ್ಮೆ ಸಿಳ್ಳೆ ಬರುತ್ತದೆ. ಸುತ್ತಿಲ್ಲದ ಉಕ್ಕಿನ ತಂತಿ ಅಡ್ಡಡ್ಡ ಕಂಪಿಸುವ ಬದಲು ತನ್ನ ಅಕ್ಷದಲ್ಲೇ ತಿರುಚಿ ಕಂಪಿಸುವುದರಿಂದ ಹಾಗಾಗುತ್ತದೆ. ಕಾಟ ಅತಿಯಾದರೆ ಅಲ್ಯೂಮಿನಿಯಂ ಸುತ್ತಿದ ಇ ಹಾಕಿ ನೋಡಿ.

ಹಾಕುವಾಗ ಒಂದೊಂದೇ ತಂತಿ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ತಂತಿಗಳನ್ನು ಹೊರುವ ಬ್ರಿಡ್ಜ್ ಜತೆಗೆ ಒಳಗಿನ ಸೌಂಡ್ ಪೋಸ್ಟ್ ಎಂಬ ಮರದ ಕಡ್ಡಿ ಕೂಡ ಬೀಳಬಹುದು, ಆಮೇಲೆ ಪಿಟೀಲು ರಿಪೇರಿ ಮಾಡುವ ಲೂಥಿಯರ್ ಬಳಿ ಓಡಬೇಕು. ಬಿರಡೆಗಳ ಬಳಿ ತಂತಿ ಹಾಯುವ ನಟ್ ಮತ್ತು ಬ್ರಿಡ್ಜ್‌ನ ಕಚ್ಚುಗಳಿಗೆ ಮೆತ್ತನೆಯ ಪೆನ್ಸಿಲ್ ಉಜ್ಜಿ; ಕಚ್ಚು ಬಿಗಿಯಾಗಿದ್ದರೆ ಅಲ್ಯೂಮಿನಿಯಂ ಸುತ್ತು ಅಲ್ಲೇ ಹರಿಯುತ್ತದೆ. ಬಿರಡೆ ತಿರುಗಿಸಿದಂತೆ ಬ್ರಿಡ್ಜ್ ಬೆರಳುಹಲಗೆಯ ಕಡೆಗೆ ವಾಲುತ್ತದೆ. ತಂತಿಗಳ ಕೆಳತುದಿ ಸಿಕ್ಕಿಸುವ ಟೇಲ್‌ಪೀಸ್ ಕಡೆಗಿರುವ ಬ್ರಿಡ್ಜ್‌ನ ಮುಖ ಮೇಲ್ಹಲಗೆಗೆ ಲಂಬವಾಗಿದೆಯೇ ಎಂದು ಪ್ರತಿ ತಂತಿಯ ನಂತರವೂ ನೋಡಿ, ಇಲ್ಲವಾದರೆ ಎರಡೂ ಕೈಗಳಿಂದ ಮೆಲ್ಲಗೆ ಹಿಂದಕ್ಕೆ ತನ್ನಿ. ಇ ತಂತಿಯ ಕೆಳಗೆ ಬ್ರಿಡ್ಜ್ ಮೇಲೆ ಚರ್ಮದ ಪಟ್ಟಿ ಇದ್ದರೆ ತಂತಿಯೊಂದಿಗೆ ಬರುವ ಪ್ಲಾಸ್ಟಿಕ್ ಕೊಳವೆ ಬೇಡ. ಎರಡೂ ಇದ್ದರೆ ನಾದ ಮಂಕು.

ಮೊದಲ ಎರಡು-ಮೂರು ದಿನ ಲೋಹದ ಗರಗರ ಕೇಳಿಸುತ್ತದೆ, ಶ್ರುತಿಯೂ ಜಾರುತ್ತದೆ. ಅದನ್ನು ಕೇಳಿ ಬೇಸತ್ತು ತಂತಿ ಬಿಚ್ಚಿಬಿಡುವವರೂ ಇದ್ದಾರೆ. ಸ್ವಲ್ಪ ತಾಳ್ಮೆ ಇರಲಿ. ಕಛೇರಿಯ ದಿನ ಹೊಸ ತಂತಿ ಹಾಕಲೇಬೇಡಿ. ದಿನಕ್ಕೆ ನಾಲ್ಕೈದು ಗಂಟೆ ನುಡಿಸುವವರಿಗೆ ಒಂದು ಸೆಟ್ ಮೂರು-ನಾಲ್ಕು ತಿಂಗಳು ಬಂದರೆ ಸಾಕು. ಮೊದಲು ಸೋಲುವುದು ಎ ತಂತಿ: ಬೆವರಿಗೆ ಅಲ್ಯೂಮಿನಿಯಂ ಸವೆದು ಮೊದಲ ಸ್ಥಾನದಲ್ಲಿ, ಅಂದರೆ ನಟ್ ಹತ್ತಿರ ಬೆರಳು ಊರುವಲ್ಲಿ, ಸುತ್ತು ಬಿಚ್ಚಿಕೊಳ್ಳುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿದರೆ ಕೆಲವು ವಾರ ಹೆಚ್ಚು ಬಾಳುತ್ತದೆ.

ಕರ್ನಾಟಕ ಸಂಗೀತದವರು ಇದನ್ನು ಕೊಳ್ಳುವ ಮುನ್ನ ಒಂದು ಲೆಕ್ಕ ನೋಡಬೇಕು. ತಂತಿಯ ಬಿಗಿ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣ. ಷಡ್ಜ ಡಿ ಆಗಿದ್ದರೆ ಇ ತಂತಿ ಎ ಸ್ವರಕ್ಕೂ ಎ ತಂತಿ ಡಿ ಸ್ವರಕ್ಕೂ ಇಳಿಯುತ್ತದೆ, ಅಂದರೆ ಏಳು ಅರೆಸ್ವರ ಕೆಳಗೆ. ಉಳಿಯುವ ಬಿಗಿ ಸುಮಾರು 45%. ಐದೇ ಅರೆಸ್ವರ ಇಳಿಯುವ ಕೆಳಗಿನ ಎರಡಕ್ಕೆ ಸುಮಾರು 56%. ಷಡ್ಜ ಸಿ ಆದರೆ ಮೇಲಿನವಕ್ಕೆ 35% ಮಾತ್ರ. ಅಷ್ಟು ಸಡಿಲಾದ ಪರ್ಲಾನ್ ತಂತಿ ಕಮಾನಿನ ಒತ್ತಡಕ್ಕೆ ಸ್ವರ ಬಗ್ಗಿಸುತ್ತದೆ, ಧ್ವನಿಯೂ ಕುಗ್ಗುತ್ತದೆ. ಮೈಕ್ ಇದ್ದರೆ ಹೇಗೋ ನಡೆದೀತು. ಮೈಕ್ ಇಲ್ಲದ ಕಾಲದ ಸಭೆಗಳಲ್ಲಿ ಕೇಳಿಸಲೆಂದೇ ಮೈಸೂರು ಚೌಡಯ್ಯನವರು ಏಳು ತಂತಿಯ ಪಿಟೀಲು ಹಿಡಿದದ್ದು. ಇಳಿಸಿದ ಶ್ರುತಿಗೆ ಇದಕ್ಕಿಂತ ದಪ್ಪ ತಂತಿ ಸರಿ.

ಆರ್ಡರ್ ಮಾಡುವ ಮುನ್ನ ನಿಮ್ಮ ಇ ತಂತಿಯ ಫೈನ್ ಟ್ಯೂನರ್‌ಗೆ (ಟೇಲ್‌ಪೀಸ್ ಮೇಲಿನ ಶ್ರುತಿ ತಿರುಪು) ಗುಂಡಿನ ತುದಿ ಬೇಕೋ ಕುಣಿಕೆ ತುದಿ ಬೇಕೋ ನೋಡಿಕೊಳ್ಳಿ, ಡಿ ಬೆಳ್ಳಿಯದೋ ಅಲ್ಯೂಮಿನಿಯಮ್ಮೋ ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿ. ಬಿಡಿ ಎ ತಂತಿ ಒಂದನ್ನು ಹೆಚ್ಚಿಗೆ ತರಿಸಿ ಪೆಟ್ಟಿಗೆಯಲ್ಲಿಟ್ಟಿರಿ.