ನರಕೋಶದ ಶಕ್ತಿಯ ಲೆಕ್ಕಕ್ಕೆ 'ನ್ಯೂರಾನ್' ತಂತ್ರಾಂಶ

ಪಾರ್ಕಿನ್ಸನ್ಸ್‌ ಕಾಯಿಲೆಯಲ್ಲಿ ಸಾಯುವ ಡೋಪಮಿನ್ ನರಕೋಶಗಳ ಶಕ್ತಿಯ ಕೊರತೆಯನ್ನು ಲೆಕ್ಕಹಾಕಲು ನಾನು ಬಳಸುವುದು ಯೇಲ್‌ ವಿಶ್ವವಿದ್ಯಾಲಯದಲ್ಲಿ ಬೆಳೆದ, ಉಚಿತವಾಗಿ ಸಿಗುವ 'ನ್ಯೂರಾನ್'; ನರಕೋಶದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಓಡಿಸುವ ತಂತ್ರಾಂಶ. ಈ ಕೋಶಗಳು ಯಾವ ಪ್ರಚೋದನೆಯೂ ಇಲ್ಲದೆ ತಾವಾಗಿಯೇ ಮಿಡಿಯುತ್ತಿರುತ್ತವೆ. ಮಿಡಿದಾಗಲೆಲ್ಲ ಒಳನುಗ್ಗಿದ ಸೋಡಿಯಂ, ಕ್ಯಾಲ್ಸಿಯಂಗಳನ್ನು ಹೊರಹಾಕಬೇಕು. ಪೊರೆಯಲ್ಲಿರುವ ಪಂಪು ಪ್ರತಿ ಸಲ 3 ಸೋಡಿಯಂ ಅಯಾನು ಹೊರಗೆ, 2 ಪೊಟ್ಯಾಸಿಯಂ ಒಳಗೆ ಸಾಗಿಸುತ್ತದೆ: ಖರ್ಚು 1 ಎಟಿಪಿ, ಅಂದರೆ ಕೋಶದ ಇಂಧನದ ಒಂದು ಅಣು. ಮಾದರಿಯಲ್ಲಿ ಪಂಪಿಗೆ ಸಿಗುವ ಎಟಿಪಿಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಾ ಹೋದರೆ ಗ್ರಾಫಿನಲ್ಲಿ ಸೋಡಿಯಂ ಏರುತ್ತದೆ, ಮಿಡಿತದ ಲಯ ತಪ್ಪುತ್ತದೆ. ನೋಡಿದಾಗಲೆಲ್ಲ ಕರುಳು ಚುರುಕ್ ಅನ್ನುತ್ತದೆ.

ಪೊರೆಯ ವಿದ್ಯುತ್ ಲೆಕ್ಕದಲ್ಲಿ 'ನ್ಯೂರಾನ್' ಬಹಳ ಗಟ್ಟಿ. ಎಟಿಪಿ ಲೆಕ್ಕ ಮಾತ್ರ ಸಿದ್ಧವಾಗಿ ಸಿಗುವುದಿಲ್ಲ. ಕೋಶದೊಳಗೆ ಎಟಿಪಿ ತಯಾರಿಸುವ ಮೈಟೋಕಾಂಡ್ರಿಯದ ಸಮೀಕರಣಗಳನ್ನು ನಾವೇ ಸೇರಿಸಬೇಕು. ಮಾದರಿ ಓಡಿಸಲು ಪೈಥಾನ್ ಬಂದರೆ ಸಾಕು, ಹೊಸ ಪಂಪು ಬರೆಯಲು ಇದರದೇ ಭಾಷೆ ಕಲಿತರೆ ಒಳ್ಳೆಯದು. ಕಲಿಯಿರಿ, ಶ್ರಮ ವ್ಯರ್ಥವಾಗುವುದಿಲ್ಲ. ವಿಪರೀತ ಕವಲೊಡೆದ ಆಕ್ಸಾನನ್ನು (ನರಕೋಶದ ಉದ್ದನೆಯ ತಂತು) ಪೂರ್ತಿ ಕಟ್ಟುವುದಾದರೆ ಲ್ಯಾಪ್‌ಟಾಪ್ ಸಾಲದು.